ಅಣ್ಣ ಬಾರದ ದಿನ

ಬೆಳ್ತಂಗಡಿಯ ಮನೋವೈದ್ಯರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ನೆರಿಯ ಊರಿನ ಕಡೆಯ ಗಂಡ ಹೆಂಡತಿ ತುಳುವಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು.

“ಮಾತ್ರೆಯೆಲ್ಲ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಯಾವಾಗ ಬಿಟ್ಟದ್ದು?”

“ಷಷ್ಠಿ ಕಳೆದ ಮೇಲೆ.”

“ದೇವರೇ! ಹೋದ ಸಲ ಬಿಟ್ಟಾಗ ಊರಿಡೀ ನಿಮ್ಮನ್ನು ಕಾಡಿನಲ್ಲಿ ಹುಡುಕಿದ್ದು ಮರೆತುಹೋಯಿತಾ? ನಿನ್ನೆಯೂ ಯಾರೋ ಕರೆದರು ಅಂತ ಅಂಗಳಕ್ಕೆ ಇಳಿದಿರಿ.”

“ಅದನ್ನು ತಿಂದರೆ ನಾನು ಗಂಡಸೇ ಅಲ್ಲ ಮಾರಾಯ್ತಿ. ಹಾಸಿಗೆಯಲ್ಲಿ ನೀನು ಗೋಡೆಗೆ ಮುಖ ಮಾಡ್ತಿ.”

“ಕೋಪದಿಂದಲ್ಲ. ನಿಮಗೆ ನಾಚಿಕೆ ಆಗಬಾರದು ಅಂತ.”

ಆಕೆ ಅವನತ್ತ ಇನ್ನಷ್ಟು ವಾಲಿದಳು.

“ಡಾಕ್ಟರಲ್ಲಿ ಹೇಳಿದರೆ ಬೇರೆ ಮಾತ್ರೆ ಕೊಡ್ತಾರೋ ಏನೋ.”

“ಹೇಳುವುದು ಹೇಗೆ? ಪ್ರತಿ ಸಲ ನಿನ್ನ ಅಣ್ಣ ಪಕ್ಕದಲ್ಲೇ ಕೂರ್ತಾನೆ. ‘ಬಾವನಿಗೆ ಎಲ್ಲ ಸರಿ ಉಂಟು ಡಾಕ್ಟ್ರೇ’ ಅಂತ ಅವನೇ ಹೇಳಿ ಮುಗಿಸ್ತಾನೆ.”

“ಅದಕ್ಕೇ ಇವತ್ತು ಅವನನ್ನು ಬಿಟ್ಟು ನಾನು ಬಂದದ್ದು.”

“ಧರ್ಣಪ್ಪ,” ನರ್ಸ್ ಕರೆದರು.

“ನನಗೆ ಬಾಯಿ ಬಾರದಿದ್ದರೆ?”

“ನಾನು ಹೇಳ್ತೇನೆ. ನೀವು ಹೌದು ಅನ್ನಿ, ಸಾಕು.”

ಬಾಗಿಲ ಬಳಿ ಆತ ಗಕ್ಕನೆ ನಿಂತು, ಎಲ್ಲ ಕೇಳಿಸಿತೋ ಎಂಬಂತೆ ನನ್ನತ್ತ ತಿರುಗಿದ.

ನಾನು ಗೋಡೆಗೆ ಮುಖ ಮಾಡಿದೆ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.