ಮೀಟರಿನ ಹಳದಿ ಲೈಟು

ಇವತ್ತ ಬ್ಯಾಡ್ರಿ ವೈನಿ, ನಾಳಿ ಒಯ್ರಿ... ನಾಳಿ ಬರ್ತೇನಿ ಅಂತ ಫೋನಿನ್ಯಾಗ ನೀವೇ ಅಂದಿದ್ರಿ ಹೌದಿಲ್ಲೋ? ಮಡೆಪ್ಪನ ಅಂಗಡಿಯಿಂದ ಗಾಡಿ ಅರ್ಧಾ ಕೆಲಸಕ್ಕ ಎದ್ದು ಹೋಗಂಗಿಲ್ಲ. ಇಡೀ ಬೀದರಕ್ಕ ಗೊತ್ತದ. ಕೂಡ್ರಿ ಮೊದಲ. ಏ, ಆ ಟಾಯರ್ ಮ್ಯಾಲ ಬ್ಯಾಡ್ರಿ, ಸೀರಿಗಿ ಎಣ್ಣಿ ಹತ್ತತದ, ಸ್ಟೂಲ್ ಕೊಡ್ತೀನಿ... ಗಾಡಿ ಮ್ಯಾಲೇ ಕೂಡ್ತೀರಿ? ಕೂಡ್ರಿ, ಕೂಡ್ರಿ. ನಿಮ್ಮದೇ ಗಾಡಿ.

ಚಾವಿ ಯಾಕ ತಗೊಂಡ್ರಿ? ಅಲ್ಲ... ಇರಲಿ, ನಿಮ್ಮ ಕೈಯಾಗೇ ಇರಲಿ. ಒಂದ ಸಣ್ಣ ತಂತಿ ಕೆಲಸ ಉಳಿದದ, ಅಷ್ಟೇ. ಯಾವ ತಂತಿ ಅಂದ್ರ... ಏನಿಲ್ರಿ, ಅದು ನಿಮಗ ತಿಳಿಯಂಗಿಲ್ಲ.

ಕಾಶಣ್ಣ ಹ್ಯಾಂಗಿದ್ದಾನ್ರಿ? ಕಾಲಿಗಿ ರಾಡ್ ಹಾಕ್ಯಾರಂತ. ಬಂದು ನೋಡಬೇಕು, ನೋಡಬೇಕು ಅಂತ ದಿನಾ ಅಂತೀನಿ, ಈ ಗಿರಾಕಿ ಬಿಡಂಗಿಲ್ರಿ. ಹಂಗ್ಯಾಕ ನೋಡ್ತೀರಿ? ಕಮಠಾಣ ಏನ್ ದೂರ ಅಂತೀರೇನು? ದೂರ ಇಲ್ಲ, ಖರೇ. ನಮ್ಮೂರೇ ಅಲ್ಲೇನು... ಹೋದ ಐತವಾರ ಬಂದಿದ್ದೆ, ನಿಮ್ಮ ಓಣಿ ತನಕಾ ಬಂದಿದ್ದೆ. ಬಾಗಲಾ ಹಾಕಿತ್ತು, ಹೊಳ್ಳಿದೆ. ಹಾಕಿದ್ದಿಲ್ಲ? ಮತ್ತ ನನ್ನ ಕಣ್ಣಿಗಿ ಹಾಕಿದಂಗ ಕಂಡಿರಬೇಕು.

ನಿಮ್ಮ ತಮ್ಮ ನರಸಿಂಗ ಹೊಂಟಾನಂತ, ಕಾಶಣ್ಣನ ಬದಲಿ, ಇದೇ ಗಾಡಿ ಮ್ಯಾಲ, ಹೈದರಾಬಾದಕ್ಕ, ಸೆಂಟ್ರಿಂಗ್ ಕೆಲಸಕ್ಕ. ಹೋಗ್ಲಿ ಬಿಡ್ರಿ. ಈ ವರ್ಷ ಮಳಿ ಕೈ ಕೊಟ್ಟ ಮ್ಯಾಲ ಊರಾಗ ಯಾರ ಉಳಿದಾರ? ಔರಾದ ಕಡಿ ಮಂದಿ ಅಂತೂ ಕುರಿ ಹೊಡ್ಕೊಂಡೇ ಹೊಂಟಾರ, ಎಲ್ಲಿ ನೀರು ಸಿಗತದೋ ಅಲ್ಲಿಗಿ. ಅದೇ ಕುರಿ ನೋಡ್ರಿ ಕಾಶಣ್ಣಗ ಅಡ್ಡ ಬಂದದ್ದು. ನಿಮ್ಮನ್ನ ಭಾಲ್ಕಿ ತವರಿಗಿ ಬಿಟ್ಟು ಹೊಳ್ಳಿ ಬರಾಕತ್ತಿದ್ದ. ತಿರುವಿನ್ಯಾಗ ಹಿಂಡಿಗಿ ಹಿಂಡು. ಎಮ್ಮಿ ಹಗ್ಗ ಜಗ್ಗಿದಂಗ ಮುಂದಿನ ಬ್ರೇಕ್ ಹಿಡಿದಾನ...

ಹೌದ್ರಿ, ಆ ಎಮ್ಮಿ ಹಗ್ಗದ ಮಾತು ಕಟ್ಟಿ ಮ್ಯಾಲ ಅಂದಾಂವ ನಾನೇ. ನಗಲಿಕ್ಕ ಅಂದೆ ವೈನಿ. ನಾಕು ಮಂದಿ ಕೂತಿದ್ರು, ಬಾಯಿಗಿ ಬಂತು, ಅಂದೆ. ಅದು ಅಂವನ ಕಿವಿ ತನಕ ಹೋಗತದ ಅಂತ ನನಗೇನು ಗೊತ್ತು? ನರಸಿಂಗನ್ನ ಹಾಸಗಿ ಬಲ್ಲಿ ಕೂಡಿಸ್ಕೊಂಡು ಅಂದಾನಂತಲ್ಲ, "ನನ್ನಂಗ ಬ್ರೇಕ್ ಹಿಡೀಬ್ಯಾಡ, ನನ್ನ ಕೈಯೇ ಸುಮಾರ" ಅಂತ. ಕೇಳಿ ನನಗ ಅನ್ನ ಇಳಿಲಿಲ್ರಿ... ಬಿಡ್ರಿ ಆ ಮಾತು.

ಇಲ್ಲಿ ಬಗ್ಗಿ ನೋಡ್ರಿ, ನಿಮಗ ಹೇಳ್ತೀನಿ. ಚಕ್ರದ ಮಗ್ಗಲಕ ಬಳಿ ಹಂಗ ಹಲ್ಲಿನ ರಿಂಗು ಅದ, ಕಾಣತದ? ಅದರ ಎದುರಿಗಿ ಕರೀದು, ಕಡ್ಲಿ ಕಾಳಿನಷ್ಟು ಮೂತಿ. ಅದು ಸೆನ್ಸರ್. ಚಕ್ರ ತಿರುಗತದೋ ಇಲ್ಲೋ ಅಂತ ಕಾಯ್ತಿರತದ. ಗಾಬರಿಯಾಗಿ ಬ್ರೇಕ್ ಹಿಡಿದ್ರ ಚಕ್ರ ಜಾಮ್ ಆಗ್ಲಿಕ್ಕ ಬಿಡಂಗಿಲ್ಲ. ಆಡಿನ ಹಾಲು ಹಿಂಡತೀರಲ್ಲ, ಹಿಡದು ಬಿಡೋದು, ಹಿಡದು ಬಿಡೋದು, ಹಂಗ ಬ್ರೇಕ್ ಆಡಸತದ. ಎಬಿಎಸ್ ಅಂತಾರ. ಭಾಲ್ಕಿಯಿಂದ ಔರಾದ ತನಕಾ ಇದನ್ನ ಬಿಚ್ಚೋ ಮಿಸ್ತ್ರಿ ಇನ್ನೊಬ್ಬನ್ನ ತೋರಸ್ರಿ. ಇಲ್ಲ.

ಬೀಳೂಕಿಂತ ಸ್ವಲ್ಪ ದಿನ ಮೊದಲ ಕಾಶಣ್ಣ ಗಾಡಿ ತಂದಾಗ ಮೀಟರಿನ್ಯಾಗ ಅದರ ಹಳದಿ ಲೈಟು ಆರವಲ್ದು. ಧೂಳು ಕೂತಿತ್ರಿ. ಬೋರ್ ಬತ್ತಿ ವಾಟರ್ ಸರ್ವಿಸ್ ಬಂದ್ ಆಗ್ಯಾದ, ಎಲ್ಲಾ ಗಾಡಿ ಒಣ ಅರಬಿಲೇ ಒರಸೋದು. ಆ ಧೂಳು ಸಿಮೆಂಟ್ ಆಗಿತ್ತು. ಆಜು ಬಾಜು ಮಂದಿ ನೆರೆದಿದ್ರು. ಎದುರಿನ ಅಂಗಡಿ ಅಮೀರ ಪಾಶಾ ಉಸ್ತಾದ, ನನಗ ಪಾನಾ ಹಿಡಿಯೋದ ಕಲಿಸಿದಾಂವ, ಎಲ್ಲಾರ ಮುಂದ ಅಂದ, "ಅದಕ್ಕ ಕೈ ಹಚ್ಚಬ್ಯಾಡ ಬೇಟಾ, ಹೈದರಾಬಾದದಿಂದ ಮಾಲ್ ತರಸು." ಎಲ್ಲಾರ ಮುಂದ. ನಾ ಬಿಡ್ತೀನಿ? ಈ ಚಹಾ ಆರೂದ್ರಾಗ ಲೈಟ್ ಆರಸ್ತೀನಿ ಅಂದೆ. ಆರಿಸಿದೆ. ಕಾಶಣ್ಣ ಬೆನ್ನು ಚಪ್ಪರಿಸಿದ. ಮರುದಿನ ಮುಂಜಾನಿ ಅಂವ ಕೆಲಸಕ್ಕ ಹೋಗೋದಿತ್ತು, ಹೋದ. ನೀವೂ ಇದ್ರಿ, ನೋಡೀರಿ.

ಆ ಡಬ್ಬಿ ಯಾಕ ತಿರುವಿ ತಿರುವಿ ನೋಡ್ತೀರಿ? ಹೊಸಾದ್ರಿ. ಹೊಸಾ ಸೆನ್ಸರ್, ಹೊಸಾ ರಿಂಗು, ಹೈದರಾಬಾದದ ಮಾಲ್. ನಾನೇ ಹೋಗಿ ತಂದೀನಿ. ಆಗ ಚಲೋ ಇದ್ದದ್ದು ಈಗ ಯಾಕ ಬದಲಿಸಿದಿ ಅಂತೀರೇನು? ಗಾಡಿ ಬಿದ್ದಾಗ ಒಡದಿತ್ರಿ ಅದು...

ಏನು ತೋರಸ್ತೀರಿ? ಹಾಂ, ಗೀರು ಎಡಕ್ಕ ಬಿದ್ದಾವ. ಕಾಶಣ್ಣನ ಕಾಲೂ ಎಡಗಾಲೇ. ಸೆನ್ಸರ್ ಬಲಕ್ಕ ಅದ... ಅಂದ್ರ... ಕಲ್ಲು ಸಿಡದಿರಬೇಕು. ಇಲ್ಲಾ ಮೊದಲೇ ಜರಾ ಸೀಳಿತ್ತೇನೋ. ಧೂಳು ಗಟ್ಟಿ ಇತ್ತು ವೈನಿ, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ, ಜರಾ ಜೋರ ಆಗಿರಬೇಕು... ನಾ ಏನಂತಿದ್ದೆ? ಲೈಟ್ ಆರಿತ್ತಲ್ಲ ಮತ್ತ!

ಚಾವಿ ಹಾಕಬ್ಯಾಡ್ರಿ. ನಾಳಿ ನಾನೇ ಗಾಡಿ ಕಮಠಾಣಕ್ಕ ತಂದು ಕೊಡ್ತೀನಿ, ತೊಳೆದು, ಒರಸಿ... ವೈನಿ.

ಹಾಂ, ಹತ್ತತದ. ಹಳದಿ ಲೈಟು ಚಾವಿ ಹಾಕಿದ ಕೂಡ್ಲೇ ಹತ್ತಬೇಕು, ಅದು ಅದರ ಕಾಯ್ದೆ. ಗಾಡಿ ನಾಕು ಮಾರು ಓಡಿದ ಮ್ಯಾಲ ಆರತದ. ನಿಂತ ಗಾಡಿಯಾಗ ಆರಂಗಿಲ್ಲ. ಗೇರಿಗಿ ಯಾಕ ಕಾಲಿಟ್ರಿ? ಅದರದೂ ಇದರದೂ ಏನೂ ಸಂಬಂಧ ಇಲ್ರಿ. ಬ್ಯಾಡ...

ಆರಿತು.

ಮತ್ತ ನ್ಯೂಟ್ರಲ್ ಮಾಡಿದ್ರಿ. ಹತ್ತಿತು. ನ್ಯೂಟ್ರಲ್ಲಿನ ಹಸಿರು ಲೈಟಿನ ಸಂಗಾಟನೇ ಹತ್ತಿತು. ಗೇರ್. ಆರಿತು. ಸಾಕ್ರಿ. ಕಾಣತದ ನನಗ, ಸಾಕು.

ನಿಮ್ಮನ್ನ ತವರಿಗಿ ಬಿಡಲಿಕ್ಕ ಹೋದಾಗ ಭಾಲ್ಕಿ ರೇಲ್ವೆ ಗೇಟ್ ಹಾಕಿತ್ತೇನ್ರಿ? ಕಾಶಣ್ಣ ನ್ಯೂಟ್ರಲ್ ಮಾಡ್ಕೊಂಡು ನಿಂತಿದ್ದ. ಹಿಂದ ಕೂತು ನೀವು ನೋಡಿದ್ರಿ, ಆರಿದ್ದ ಲೈಟು ತಾನೇ ಹತ್ತಿದ್ದು. ಅಂವಗ ಹೇಳಿದ್ರೇನು? ಹೇಳೀರಿ... ಮತ್ತ ಅಂವ, ಮಡೆಪ್ಪ ಮಾಡ್ಯಾನ, ಚಿಂತಿ ಬ್ಯಾಡ ಅಂದಿರಬೇಕು. ಹಂಗೇ ಅಂತಾನ ಅಂವ.

ಇವತ್ತಿನ ಸೆನ್ಸರ್ ಖರೇ ಹೊಸಾದು, ನಮ್ಮವ್ವನ ಆಣಿ. ನರಸಿಂಗಗ ಏನೂ ಆಗಂಗಿಲ್ಲ. ಅವತ್ತ ಹಳದಿ ಲೈಟನ್ನ ನ್ಯೂಟ್ರಲ್ ಲೈಟಿಗಿ ಜೋಡಿಸಿದ್ದೆ, ಆ ತಂತಿ ಒಂದು ಮೀಟರಿನ ಹಿಂದ ಉಳಿದಿತ್ತು. ಇವತ್ತ ರಾತ್ರಿ ಬಿಚ್ಚಿ ಒಗಿತಿದ್ದೆ. ನೀವು ನಾಳಿ ಬಂದಿದ್ರ...

ಏನರೆ ಅನ್ರಿ ವೈನಿ. ಬೈರಿ.

ಇಳಿದ್ರಿ? ಎಲ್ಲಿ... ಚಾವಿ ನನಗ್ಯಾಕ? ನಾ ಮುಂದ ಕೂಡ್ಬೇಕು? ನೀವು ಹಿಂದ... ಕಮಠಾಣಕ್ಕ? ಈಗ? ಅಂಗಡಿ ತೆರದದ, ಉಸ್ತಾದ ನೋಡಾಕತ್ತಾನ... ಹಾಂ. ಹಾಂ, ಕೂತೀನ್ರಿ. ಸೆರಗು ಚಕ್ರಕ್ಕ ಸಿಗದಂಗ ಹಿಡ್ಕೋರಿ. ಮೆಲ್ಲಕ ಹೊಡಿತೀನಿ.

ಕಾಶಣ್ಣಗ ಮೊದಲ ಏನಂತ ಅನ್ನಲ್ರಿ?

...ಗೇರ್ ಹಾಕ್ತೀನಿ. ಆರತದ ನೋಡ್ರಿ ಈಗ.