ನಾರುಹುಣ್ಣಿನ ವಜೀಫಾ

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಹುಮನಾಬಾದಿನಲ್ಲಿ ಕಲ್ಯಾಣಿ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ದವಾಖಾನೆಯ ಡಾಕ್ಟರ್ ಹಬೀಬ್ ಅದೇ ಬಸ್ಸಿಗೆ ನಿಂತಿದ್ದರು. ಘಾಟಬೋರಾಳದ ಯಶೋದಾಬಾಯಿ ಅವರನ್ನು ಕಂಡು ಹತ್ತಿರ ಬಂದರು.

“ವಿಲಾಯತಿಗೆ ಯಾವಾಗ ಹೊಂಟೀರಿ, ಸಾಹೇಬ್ರ?”

“ಹೋಗಂಗಿಲ್ರಿ, ಬಾಯಿ.”

“ಯಾಕ್ರಿ? ನಾರುಹುಣ್ಣಿಗೆ ಔಷಧ ಹುಡುಕಾಕ ನಿಮಗ ಓದೋ ರೊಕ್ಕ, ವಜೀಫಾ, ಸಿಕ್ಕದಂತ ಮಾಣಿಕನಗರದಾಗ ಮಂದಿ ಹಾರ ಹಾಕಿದ್ರಲ್ಲ?”

“ಲಡಾಯಿ ಶುರು ಆಗ್ಯದ. ಅದು ಮುಗಿಯೂತನಕ ವಜೀಫಾ ಬಂದ್.”

“ಮುಗಿದ ಮ್ಯಾಲ ಹೋಗ್ರಿ.”

“ಅಷ್ಟೊತ್ತಿಗೆ ನನ್ನ ವಯಸ್ಸು ಮೀರಿರ್ತದ. ಅದು ಸಣ್ಣ ವಯಸ್ಸಿನ ಡಾಕ್ಟರಿಗೆ ಅಷ್ಟೇ ಕೊಡೋದು.”

“ಹಂಗಾರ ಇಲ್ಲೇ ಹುಡುಕ್ರಿ.”

“ಮುಂಜಾನಿಯಿಂದ ಸಂಜೀತನಕ ರೋಗಿಗಳನ್ನ ನೋಡಾಕತ್ತೇನಿ. ಹುಡುಕಾಕ ಪುರಸತ್ತೂ ಇಲ್ಲ, ಬೇಕಾದ ಸಾಮಾನೂ ಇಲ್ಲ.”



“ಹೋದ ವರ್ಷ ನಾರಿನ ಹುಳ ಎಳೀವಾಗ ಕಾಲಾಗೇ ಹರಿದು, ನಂಜಾಗಿ ನನ್ನ ಮಗ ಸತ್ತ. ಈಗ ಸೊಸಿ ಕಾಲಿಗೂ ಹುಣ್ಣು ಎದ್ದದರಿ.”

“ಬಾವಿ ನೀರು ಸೋಸಿ ಕುಡೀರಿ ಅಂದಿದ್ನಲ್ಲ?”

“ಮಗ ಹೋದಾಗಿಂದ ಸೋಸೇ ಕುಡ್ಯಾಕತ್ತೇವ್ರಿ. ಅದಕ್ಕಿಂತ ಮೊದಲ ಕುಡದದ್ದಕ್ಕ ಏನ್ ಮಾಡೋದ್ರಿ?”



“ನೀರಿನಾಗ ಒಳಗ ಹೋದ ಹುಳ ವರ್ಷದ ಮ್ಯಾಲ ಹೊರಗ ಬರ್ತದ, ಅದಕ್ಕ ಔಷಧ ಇಲ್ರಿ. ಆಕೀನ ದವಾಖಾನಿಗೆ ಕರಕೊಂಡು ಬರ್ರಿ. ಕಟ್ಟು ಹಾಕ್ತೀನಿ.”

“ಮಗಗೂ ಕಟ್ಟೇ ಹಾಕಿದ್ರಿ, ಸಾಹೇಬ್ರ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಉಳಿದವರೆಲ್ಲ ಹತ್ತಿದೆವು, ಡಾಕ್ಟರು ಹತ್ತಲಿಲ್ಲ. ಕೈಚೀಲ ಎತ್ತಿಕೊಂಡು ಯಶೋದಾಬಾಯಿಯ ಹಿಂದೆ ಘಾಟಬೋರಾಳದ ದಾರಿ ಹಿಡಿದರು.