ಹನುಮವ್ವ ಬಡಿಯುವ ಬಾಗಿಲು

ಆಟಿ ತಿಂಗಳ ಮಳೆ. ಮಧ್ಯಾಹ್ನ ಮೂರು ಗಂಟೆಗೇ ಹಿರಿಯಡ್ಕದ ಆಚೆಯ ಆ ಗೇರುಬೀಜದ ಫ್ಯಾಕ್ಟರಿಯೊಳಗೆ ಕತ್ತಲಾಗಿ, ಕರೆಂಟೂ ಹೋಗಿ, ಸಿಪ್ಪೆ ತೆಗೆಯುವ ಹೆಂಗಸರು ಕತ್ತಿ ಕೆಳಗಿಟ್ಟು ಮುದ್ದಣ್ಣಜ್ಜನ ಸುತ್ತ ಕೂತರು. ಮುದ್ದಣ್ಣಜ್ಜ ಗೋದಾಮಿನ ಹಳೆಯ ಕಾವಲುಗಾರ. ಕಾಪುವಿನಲ್ಲಿರುವ ತನ್ನ ಮಗಳ ಮನೆಯಲ್ಲಿ ಎರಡು ದಿನ ಇದ್ದು ಆ ಬೆಳಿಗ್ಗೆಯಷ್ಟೇ ಮರಳಿದ್ದ.

ಆ ಹೆಂಗಸರ ನಡುವೆ ಕೂತಿದ್ದ ಮಹಾಲಕ್ಷ್ಮಿಗೆ ಅವನ ಮುಖ ಹೊಸದು. ಬಾಗಲಕೋಟೆ ಕಡೆಯಿಂದ ಬಂದು ಅವಳಿಗೆ ಇದು ಎರಡನೆಯ ದಿನ. ನಿನ್ನೆ ಸಂಜೆ ಸೂಪರ್‌ವೈಸರ್ ಕರುಣಾಕರ ಗೋದಾಮಿಗೆ ಅಂಟಿದ ಕೋಣೆಯ ಬೀಗದ ಕೈ ಕೊಡುತ್ತಾ, "ಅಲ್ಲೊಂದು ದೆವ್ವದ ಕಾಟ ಉಂಟು. ನಿಮ್ಮವರ ಸ್ವರದಲ್ಲೇ ಕರೀತದೆ. ಬಾಗಿಲು ಮಾತ್ರ ತೆಗೀಬೇಡಿ" ಎಂದಿದ್ದ. ಈಗ ಅವಳ ಗಂಡ ಮುತ್ತುರಾಜ ಜ್ವರ ಬಂದು ಎರಡು ವರ್ಷದ ಕೂಸಿನೊಂದಿಗೆ ಆ ಕೋಣೆಯಲ್ಲೇ ಮಲಗಿದ್ದ. ತಾನು ಕೆಲಸ ಬಿಟ್ಟು ಬರುವ ಐದು ಗಂಟೆಯ ಮೊದಲು ಯಾರು ಕರೆದರೂ ಚಿಲಕ ತೆಗೆಯಬೇಡಿ ಎಂದು ಅವಳೇ ಹೇಳಿ ಬಂದಿದ್ದಳು.

"ದೆವ್ವದ ಕತೆಯಾ? ಸುಳ್ಳು ಕತೆ ಬೇಕಾದರೆ ಮನೆಗೆ ಹೋಗಿ ಟಿ.ವಿ. ನೋಡಿ ಮಾರಾಯ್ರೆ" ಎಂದು ಮುದ್ದಣ್ಣಜ್ಜ ಒಂದಷ್ಟು ಕೆಮ್ಮಿ ಶುರುಮಾಡಿದ.

"ತೊಂಬತ್ತೆಂಟನೇ ಇಸವಿ... ಇಂಥದ್ದೇ ಮಳೆ. ಹನುಮವ್ವ ಅಂತ ಒಬ್ಬಳು, ಘಟ್ಟದ ಮೇಲಿನವಳು, ಗಂಡ ಮಾನಪ್ಪ ಲಾರಿಗೆ ಗೋಣಿ ಹೊರುವವ, ಸೊಂಟದಲ್ಲಿ ಒಂದು ಹೆಣ್ಣು ಮಗು... ಅವರ ಟೆಂಟು ಗಾಳಿಗೆ ಹಾರಿಹೋಯ್ತು ಅಂತ ಧಣಿ ಆ ಗೋದಾಮಿನ ಕೋಣೆಗೆ ಹಾಕಿದರು. ಒಳ್ಳೆಯ ಕೋಣೆಯೇ, ಸೋರುವುದಿಲ್ಲ. ಆದರೆ ನಡುವಿನ ಗೋಡೆ ಮಾಡಿನವರೆಗೆ ಇಲ್ಲ ಅಲ್ವಾ? ಗಾಳಿಗೆ ಅಂತ ಮೇಲೆ ಬಿಟ್ಟಿದ್ದಾರೆ. ಗಾಳಿಗೆ! ಆಚೆ ಬದಿಯಲ್ಲಿ ಆಫ್ರಿಕಾದ ಬೀಜದ ಗೋಣಿಗಳು, ಹುಳ ಹಿಡಿಯಬಾರದು ಅಂತ ಟರ್ಪಾಲಿನ ಅಡಿಗೆ ಮಾತ್ರೆ ಇಡುವುದು. ತೇವ ತಾಗಿದರೆ ಸಾಕು, ಅದು ವಿಷದ ಗಾಳಿ ಬಿಡ್ತದೆ... ಹೊಗೆ ಕಾಣುವುದಿಲ್ಲ, ಬೆಂಕಿ ಕಾಣುವುದಿಲ್ಲ, ಬೆಳ್ಳುಳ್ಳಿಯ ವಾಸನೆ ಮಾತ್ರ ಬರುವುದು. ಇಟ್ಟವ ಯಾರು? ನಾನೇ. ಮತ್ತೆ ಯಾರು, ನಿನ್ನ ಅಪ್ಪನಾ ನಳಿನಾಕ್ಷಿ?"

ಬಾಗಿಲ ಬಳಿ ಕೂತಿದ್ದ ನಳಿನಾಕ್ಷಿ ನಕ್ಕಳು. ಮಹಾಲಕ್ಷ್ಮಿ ನಗಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದಾಗ ಕೋಣೆಯಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು. ಹತ್ತಿರದಲ್ಲೇ ನಮ್ಮ ಕಡೆಯವರು ಯಾರೋ ಚಟ್ನಿ ಕುಟ್ಟುತ್ತಿದ್ದಾರೆ ಎಂದು ಅವಳಿಗೆ ಖುಷಿಯಾಗಿತ್ತು.

"'ಯಾರ ಮನ್ಯಾಗ್ರೀ ಬಳ್ಳೊಳ್ಳಿ ಚಟ್ನಿ ಕುಟ್ಟಾಕತ್ತಾರ?' ಅಂತ ಕೇಳಿದಳು ಹನುಮವ್ವ. ನಗ್ತಾ ಕೇಳಿದಳು, ಪಾಪ... ನಾನು ಎಂತ ಹೇಳಲಿ? ವಿಷ ಅಂದರೆ ಧಣಿ ನನ್ನನ್ನು ಇಟ್ಟುಕೊಳ್ತಾರಾ? ಮಧ್ಯಾಹ್ನಕ್ಕೆ ಮಗು ವಾಂತಿ ಮಾಡಿತು, ಏದುಸಿರು ಬಿಡಲಿಕ್ಕೆ ಶುರುವಾಯ್ತು. ಅವಳಿಗೂ ತಲೆಸಿಡಿತ. 'ದೃಷ್ಟಿ ಆಗೇತೇನ್ರೀ ಅಣ್ಣಾ?' ಅಂದಳು. ಹೌದು ಅಂದೆ! ಉಪ್ಪು ಮೆಣಸು ನಿವಾಳಿಸು, ಸಂಜೆವರೆಗೆ ಬಾಗಿಲು ಹಾಕಿಕೋ, ಮಗು ಹೊಸ್ತಿಲು ದಾಟಬಾರದು ಅಂತ ಈ ಹಾಳು ಬಾಯಲ್ಲೇ ಹೇಳಿದೆ. ನಂಬಿದಳು... ಕಿಟಕಿಗೂ ಗೋಣಿ ತುರುಕಿದಳು.

"ಸಂಜೆ ಮಾನಪ್ಪ ಬಂದು ಬಾಗಿಲು ಒಡೆದ. ಮಗು ಚಾಪೆಯ ಮೇಲೆ, ತಣ್ಣಗೆ. ಅವಳು ಬಾಗಿಲ ಬುಡದಲ್ಲಿ, ಬಾಯಲ್ಲಿ ನೊರೆ, ಕೈ ಚಿಲಕದ ಕಡೆಗೆ ಚಾಚಿಕೊಂಡೇ ಇತ್ತು... ಕೊಳೆತ ಮೀನು ತಿಂದು ಸತ್ತರು ಅಂತ ಬರೆಸಿದರು. ಹುಟ್ಟಿದ ಮೇಲೆ ಮೀನು ಮುಟ್ಟದವಳು ಮಾರಾಯ್ರೆ ಅವಳು!"

ಶೀಟಿನ ಮೇಲೆ ಮಳೆ ಇನ್ನೂ ಜೋರಾಯಿತು.

"ಆಮೇಲೆ ಮಾತ್ರೆ ಇಟ್ಟ ದಿನವೆಲ್ಲ ಅವಳು ಬರುತ್ತಾಳೆ. ಹೊರಗೆ ನಿಂತು ಬಾಗಿಲು ಬಡಿಯುತ್ತಾಳೆ... 'ನಾನ್ರೀ, ಬಾಗ್ಲಾ ತಗೀರಿ, ಕೂಸಿನ್ನ ಹೊರಗ ತರ್ರಿ' ಅಂತ. ಕೊಲ್ಲಲಿಕ್ಕಾ ಬರುವುದು? ಅಲ್ಲವೇ ಅಲ್ಲ, ಬದುಕಿಸಲಿಕ್ಕೆ! ಆದರೆ ದೆವ್ವಕ್ಕೆ ಯಾರು ಬಾಗಿಲು ತೆಗೀತಾರೆ ಹೇಳಿ? ಒಂದು ಚಿಲಕ ಇದ್ದವರು ಎರಡು ಹಾಕ್ತಾರೆ. ಹಾಗೆಯೇ ಮತ್ತೆ ಇಬ್ಬರು ಹೋದರು. ಕರುಣಾಕರನಿಗೂ ದೆವ್ವವೇ ಒಳ್ಳೆಯದು, ಮಾತ್ರೆಯ ಸುದ್ದಿ ಯಾರೂ ಎತ್ತುವುದಿಲ್ಲ. ನಾಲ್ಕು ವರ್ಷದಿಂದ ಆ ಕೋಣೆ ಖಾಲಿ ಉಂಟು, ಪುಣ್ಯ. ಹಾಗಾಗಿ ಇವತ್ತು ಬೆಳಿಗ್ಗೆ ಧೈರ್ಯದಲ್ಲಿ ಮಾತ್ರೆ ಇಟ್ಟು ಬಂದೆ."

ಮಹಾಲಕ್ಷ್ಮಿ ಎದ್ದದ್ದು ಆ ಕತ್ತಲಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಯಾರಿಗೂ ಏನೂ ಹೇಳಲು ಅವಳು ನಿಲ್ಲಲಿಲ್ಲ. ಕೆಸರಿನ ಅಂಗಳದಲ್ಲಿ ಎರಡು ಸಲ ಬಿದ್ದು, ಎದ್ದು, ಓಡಿ, ಎರಡೂ ಕೈಗಳಿಂದ ಬಾಗಿಲು ಬಡಿದಳು.

"ನಾನ್ರೀ! ಬಾಗ್ಲಾ ತಗೀರಿ! ಕೂಸಿನ್ನ ಹೊರಗ ತರ್ರಿ!"

ಒಳಗೆ ಕೂಸು ಒಮ್ಮೆ ಕೆಮ್ಮಿತು. ಮುತ್ತುರಾಜ ತೆವಳುತ್ತಾ ಬಾಗಿಲವರೆಗೆ ಬಂದ ಸದ್ದಾಯಿತು. ಅವನ ಉಸಿರು ಗೊರಗೊರ ಎನ್ನುತ್ತಿತ್ತು.

"ಇನ್ನಾ ಐದು ಆಗಿಲ್ಲ... ನೀ ಆಕಿ ಅಲ್ಲ. ಹೋಗ!"

ಕೆಳಗಿನ ಚಿಲಕವೂ ಬಿತ್ತು. ಅವಳು ಉಗುರು ಕಿತ್ತು ರಕ್ತ ಬರುವವರೆಗೆ ಬಡಿದಳು, ಅವನ ಹೆಸರು ಹಿಡಿದು ಕೂಗಿದಳು. ಒಳಗಿನಿಂದ ಮತ್ತೆ ಯಾರ ಕೆಮ್ಮೂ ಕೇಳಲಿಲ್ಲ.

ಹಿಂದೆ ಶೆಡ್ಡಿನೊಳಗಿನಿಂದ ಮುದ್ದಣ್ಣಜ್ಜನ ಸ್ವರ ಮಳೆಯನ್ನೂ ಮೀರಿ ಬಂತು.

"ಕೇಳಿತಾ? ನಾನೆಂತ ಸುಳ್ಳು ಹೇಳ್ತೇನಾ? ಇವತ್ತೂ ಬಂದಿದ್ದಾಳೆ... ಯಾರೂ ಏಳಬೇಡಿ. ನಳಿನಾಕ್ಷಿ, ಆ ಬಾಗಿಲು ಹಾಕು."